ಹಂಚಿಕೆಯ ಇ-ಮೇಲ್ ಫೋಲ್ಡರುಗಳಲ್ಲಿ ಅಳಿಸಲಾಗದ ಪತ್ರಗಳು: ಕಾರಣ, ಪರಿಶೀಲನೆ ಮತ್ತು ಪರಿಹಾರ

ಕಚೇರಿ ಗಣಕೀಕರಣ ಪಾಠಮಾಲೆ
(ಗ್ರಾಮ ಪಂಚಾಯಿತಿಗಳ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು, ಕಾರ್ಯದರ್ಶಿಗಳು, ಲೆಕ್ಕ ಸಹಾಯಕರು ಹಾಗೂ ಡಾಟಾ ಎಂಟ್ರಿ ಆಪರೇಟರುಗಳ ಅಧ್ಯಯನಕ್ಕಾಗಿ)

1. ಪೀಠಿಕೆ

ಗ್ರಾಮ ಪಂಚಾಯಿತಿ ಕಚೇರಿಗೆ ಬರುವ ಟಪಾಲಿನ ಬಹುಭಾಗ ಇಂದು ಇ-ಮೇಲ್ ಮೂಲಕವೇ ಬರುತ್ತದೆ. ಸುತ್ತೋಲೆ, ನಡವಳಿ, ಫಲಾನುಭವಿಗಳ ಪಟ್ಟಿ, ಸಭಾ ಸೂಚನಾ ಪತ್ರ, ಅನುದಾನ ಬಿಡುಗಡೆಯ ಆದೇಶ ಇವೆಲ್ಲವೂ ಒಂದೇ ಖಾತೆಗೆ ಬಂದು ಸೇರುತ್ತವೆ. ಅವುಗಳನ್ನು ಇಬ್ಬರು ಮೂವರು ಸಿಬ್ಬಂದಿ ನೋಡಬೇಕಾಗಿರುವುದರಿಂದ ವಿಷಯವಾರು ಫೋಲ್ಡರುಗಳನ್ನು ತೆರೆದು, ಅವುಗಳನ್ನು ಸಿಬ್ಬಂದಿಯ ನಡುವೆ ಹಂಚಿಕೊಳ್ಳುವ ಪದ್ಧತಿ ಅನೇಕ ಕಚೇರಿಗಳಲ್ಲಿದೆ. ಪದ್ಧತಿ ಅನುಕೂಲಕರವಾದುದೇ ಹೌದು. ಆದರೆ ಇಂತಹ ಫೋಲ್ಡರುಗಳಲ್ಲಿ ಆಗಾಗ್ಗೆ ಒಂದು ತೊಡಕು ತಲೆದೋರುತ್ತದೆ. ಒಂದು ಪತ್ರವನ್ನು ಅಳಿಸಿದರೂ ಅದು ಅಳಿಯುವುದಿಲ್ಲ. ಕ್ಷಣಕಾಲ ಮರೆಯಾಗಿ ಮತ್ತೆ ಪ್ರತ್ಯಕ್ಷವಾಗುತ್ತದೆ. ಅಥವಾ ಒಬ್ಬರ ಕಂಪ್ಯೂಟರಿನಲ್ಲಿ ಇಲ್ಲವಾಗಿ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಉಳಿದಿರುತ್ತದೆ.

ಇಂತಹ ಸಂದರ್ಭದಲ್ಲಿ ಸಿಬ್ಬಂದಿಯು ಅದೇ ಗುಂಡಿಯನ್ನು ಹತ್ತಾರು ಬಾರಿ ಒತ್ತುವುದು, ಕಂಪ್ಯೂಟರನ್ನು ಪುನಃ ಆರಂಭಿಸುವುದು, ಕೊನೆಗೆ 'ಸರ್ವರ್ ಸರಿಯಿಲ್ಲ' ಎಂದು ಷರಾ ಬರೆದು ಕೈಬಿಡುವುದು ಸಾಮಾನ್ಯ. ಆದರೆ ಪತ್ರವು ಅಳಿಯದಿರುವುದಕ್ಕೆ ಪ್ರತಿಬಾರಿಯೂ ನಿರ್ದಿಷ್ಟವಾದ ಕಾರಣವಿರುತ್ತದೆ. ಆ ಕಾರಣವನ್ನು ಲಕ್ಷಣದಿಂದಲೇ ಗುರುತಿಸಬಹುದು. ಬಹುತೇಕ ಪ್ರಕರಣಗಳನ್ನು ಕಚೇರಿಯಲ್ಲಿಯೇ ಪರಿಹರಿಸಬಹುದು. ಉಳಿದವನ್ನು ಸರಿಯಾದ ವಿವರಗಳೊಂದಿಗೆ ಸರ್ವರ್ ನಿರ್ವಾಹಕರಿಗೆ ವರದಿ ಮಾಡಬಹುದು. ಈ ಎರಡನ್ನೂ ಕಲಿಸುವುದು ಈ ಪಾಠದ ಉದ್ದೇಶ.

2. ಒಂದು ಪ್ರಸಂಗ

ಪಾಠದ ಅನುಕೂಲಕ್ಕಾಗಿ ಒಂದು ಪ್ರಸಂಗವನ್ನು ಊಹಿಸಿಕೊಳ್ಳಲಾಗಿದೆ. ಪ್ರಸಂಗ ಕಲ್ಪಿತವಾದರೂ ಇದರ ಒಂದೊಂದು ಹೆಜ್ಜೆಯೂ ಯಾವ ಕಚೇರಿಯಲ್ಲಾದರೂ ನಡೆಯಬಹುದಾದದ್ದೇ.

ಒಂದು ಗ್ರಾಮ ಪಂಚಾಯಿತಿಯ ಅಧಿಕೃತ ಖಾತೆಯಲ್ಲಿ 'ವಸತಿ' ಎಂಬ ಫೋಲ್ಡರ್ ಇದೆ. ಖಾತೆಯು ಅಭಿವೃದ್ಧಿ ಅಧಿಕಾರಿಗಳ ಸುಪರ್ದಿನಲ್ಲಿದ್ದು, ಫೋಲ್ಡರನ್ನು ಕಾರ್ಯದರ್ಶಿ ಹಾಗೂ ಆಪರೇಟರ್ ಇವರೊಂದಿಗೆ ಹಂಚಿಕೊಳ್ಳಲಾಗಿದೆ. ಮನೆ ಮಂಜೂರಾತಿಗೆ ಸಂಬಂಧಿಸಿದ ಕರಡು ಪಟ್ಟಿಯು ಮೊದಲು ಒಂದು ಪತ್ರದ ಲಗತ್ತಾಗಿ ಬಂದಿತು. ಆಕ್ಷೇಪಣೆಗಳನ್ನು ಪರಿಶೀಲಿಸಿದ ಬಳಿಕ ತಿದ್ದಿದ ಪಟ್ಟಿಯು ಎರಡನೆಯ ಪತ್ರದಲ್ಲಿ ಬಂದಿತು. ಎರಡೂ ಪತ್ರಗಳ ವಿಷಯದ ಸಾಲು ಒಂದೇ. ಗೊಂದಲವಾಗದಿರಲೆಂದು ಕಾರ್ಯದರ್ಶಿಗಳು ಶುಕ್ರವಾರ ಸಂಜೆ ಮೊದಲನೆಯ ಪತ್ರವನ್ನು ಅಳಿಸಿದರು. ಪತ್ರ ಕ್ಷಣಮಾತ್ರ ಮರೆಯಾಗಿ ಮತ್ತೆ ಬಂದಿತು. ತಮ್ಮ ಖಾತೆಯ ಕಸದ ಬುಟ್ಟಿಯನ್ನು ಖಾಲಿ ಮಾಡಿ ಇನ್ನೊಮ್ಮೆ ಅಳಿಸಿದರು. ಈ ಬಾರಿ ಪತ್ರದ ಮೇಲೆ ಅಡ್ಡಗೆರೆ ಬಿದ್ದಿತು. ಕೆಲಸ ಮುಗಿಯಿತೆಂದು ಅವರು ಕಚೇರಿಯಿಂದ ಹೊರಟರು.

ಸೋಮವಾರ ಬೆಳಿಗ್ಗೆ ಆಪರೇಟರ್ ಅದೇ ಫೋಲ್ಡರನ್ನು ತಮ್ಮ ಕಂಪ್ಯೂಟರಿನಲ್ಲಿ ತೆರೆದರು. ಅವರ ಪರದೆಯಲ್ಲಿ ಅಡ್ಡಗೆರೆ ಇರಲಿಲ್ಲ. ಎರಡೂ ಪತ್ರಗಳು ಒಂದೇ ರೀತಿ ಕಾಣುತ್ತಿದ್ದವು. ಅವರು ಮೊದಲು ಸಿಕ್ಕಿದ ಪಟ್ಟಿಯನ್ನು ಮುದ್ರಿಸಿ ಸೂಚನಾ ಫಲಕಕ್ಕೆ ಅಂಟಿಸಿದರು. ಅದು ಕರಡು ಪಟ್ಟಿ. ತಿದ್ದಿದ ಪಟ್ಟಿಯಲ್ಲಿ ಸೇರ್ಪಡೆಯಾಗಿದ್ದ ಒಬ್ಬ ವೃದ್ಧೆ, ಕೂಲಿ ಬಿಟ್ಟು ಪಂಚಾಯಿತಿಗೆ ಬಂದು, ಫಲಕದಲ್ಲಿ ತನ್ನ ಹೆಸರಿಲ್ಲದ್ದನ್ನು ಬೇರೆಯವರಿಂದ ಓದಿಸಿ ತಿಳಿದು, ಯಾರನ್ನೂ ಕೇಳದೆ ಹಿಂದಿರುಗಿದಳು. ದಾಖಲೆ ಸಲ್ಲಿಸಲು ಉಳಿದಿದ್ದುದು ನಾಲ್ಕು ದಿನ.

ಅಳಿಸಲಾಗದ ಒಂದು ಪತ್ರವು ಕೇವಲ ಯಂತ್ರದ ಕಿರಿಕಿರಿಯಲ್ಲ ಎಂಬುದು ಇದರಿಂದ ಸ್ಪಷ್ಟ. ಈ ಪ್ರಸಂಗದಲ್ಲಿ ಎಲ್ಲೆಲ್ಲಿ ಏನೇನಾಯಿತು ಎಂಬುದನ್ನು ಮುಂದಿನ ವಿವರಣೆಯ ನಂತರ ಮತ್ತೆ ನೋಡಲಾಗುವುದು.

3. 'ಅಳಿಸು' ಎಂದರೆ ಸರ್ವರಿನಲ್ಲಿ ನಡೆಯುವುದೇನು

ಇ-ಮೇಲ್ ಪತ್ರಗಳನ್ನು ಸರ್ವರಿನಲ್ಲಿಯೇ ಇಟ್ಟು ಹಲವು ಕಂಪ್ಯೂಟರುಗಳಿಂದ ನೋಡಲು ಬಳಕೆಯಲ್ಲಿರುವ ಪ್ರಮುಖ ನಿಯಮಾವಳಿಯ ಹೆಸರು ಐಮ್ಯಾಪ್. ಇದನ್ನು 1986ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಕ್ರಿಸ್ಪಿನ್ ಅವರು ರೂಪಿಸಿದರು. ಬಹುಕಾಲ ಬಳಕೆಯಲ್ಲಿರುವ ಆವೃತ್ತಿಯು 2003ರ ಆರ್‌ಎಫ್‌ಸಿ 3501 ಎಂಬ ದಾಖಲೆಯಲ್ಲಿಯೂ, ಪರಿಷ್ಕೃತ ಆವೃತ್ತಿಯು 2021ರ ಆರ್‌ಎಫ್‌ಸಿ 9051 ಎಂಬ ದಾಖಲೆಯಲ್ಲಿಯೂ ವಿವರಿಸಲ್ಪಟ್ಟಿದೆ.

ಈ ನಿಯಮಾವಳಿಯಲ್ಲಿ ಅಳಿಸುವಿಕೆಯು ಒಂದೇ ಕ್ರಿಯೆಯಲ್ಲ. ಬಳಕೆದಾರರು ಒಮ್ಮೆ ಗುಂಡಿ ಒತ್ತಿದಾಗ ಸಾಮಾನ್ಯವಾಗಿ ಮೂರು ಹೆಜ್ಜೆಗಳು ನಡೆಯುತ್ತವೆ.

ಮೊದಲನೆಯ ಹೆಜ್ಜೆ, ಪ್ರತಿ ಮಾಡುವುದು. ಪತ್ರದ ಒಂದು ಪ್ರತಿಯನ್ನು ಕಸದ ಬುಟ್ಟಿಯ ಫೋಲ್ಡರಿಗೆ ಸೇರಿಸಲಾಗುತ್ತದೆ.
ಎರಡನೆಯ ಹೆಜ್ಜೆ, ಗುರುತು ಹಾಕುವುದು. ಮೂಲ ಪತ್ರಕ್ಕೆ 'ಅಳಿಸಬೇಕಾದದ್ದು' ಎಂಬ ಗುರುತನ್ನು ಹಚ್ಚಲಾಗುತ್ತದೆ. ಪತ್ರವು ಇನ್ನೂ ಅಲ್ಲಿಯೇ ಇರುತ್ತದೆ.
ಮೂರನೆಯ ಹೆಜ್ಜೆ, ತೆರವು ಮಾಡುವುದು. ಗುರುತು ಹಾಕಿದ ಪತ್ರಗಳನ್ನು ಫೋಲ್ಡರಿನಿಂದ ನಿಜವಾಗಿ ತೆಗೆದುಹಾಕಲಾಗುತ್ತದೆ. ತಾಂತ್ರಿಕ ಭಾಷೆಯಲ್ಲಿ ಇದಕ್ಕೆ 'ಎಕ್ಸ್‌ಪಂಜ್' ಎಂದು ಹೆಸರು.

ಕಚೇರಿಯ ರೂಢಿಯಿಂದಲೇ ಇದನ್ನು ತಿಳಿಯಬಹುದು. ಅವಧಿ ಮೀರಿದ ಕಡತವನ್ನು ಯಾರೂ ನೇರವಾಗಿ ಒಲೆಗೆ ಹಾಕುವುದಿಲ್ಲ. ಮೊದಲು ಅದನ್ನು ಬೀರುವಿನಿಂದ ತೆಗೆದು ಬೇರೆ ಇಡುತ್ತಾರೆ, ಮೇಲೆ 'ರದ್ದು' ಎಂದು ಬರೆಯುತ್ತಾರೆ, ಆದೇಶ ಬಂದ ನಂತರ ನಾಶಪಡಿಸುತ್ತಾರೆ. ಈ ಮೂರರಲ್ಲಿ ಯಾವುದೊಂದು ನಿಂತರೂ ಕಡತ ಉಳಿಯುತ್ತದೆ. ಇ-ಮೇಲ್ ಪತ್ರದ ಗತಿಯೂ ಹೀಗೆಯೇ.

2013ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 6851 ಈ ಮೂರು ಹೆಜ್ಜೆಗಳನ್ನು 'ಮೂವ್' ಎಂಬ ಒಂದೇ ಆಜ್ಞೆಯಾಗಿ ಕೂಡಿಸಿತು. ಆದರೆ ಸರ್ವರ್ ಮತ್ತು ಕಂಪ್ಯೂಟರಿನ ಪ್ರೋಗ್ರಾಂ ಎರಡೂ ಅದನ್ನು ಬಲ್ಲವಾಗಿದ್ದರೆ ಮಾತ್ರ ಅದರ ಪ್ರಯೋಜನ ದೊರೆಯುತ್ತದೆ. ಇಲ್ಲವಾದಲ್ಲಿ ಹಿಂದಿನ ಮೂರು ಹೆಜ್ಜೆಗಳೇ ನಡೆಯುತ್ತವೆ.

4. ಲಕ್ಷಣದಿಂದ ಕಾರಣಕ್ಕೆ

(ಅ) ಪತ್ರ ಮರೆಯಾಗಿ ಮತ್ತೆ ಬರುತ್ತದೆ. ಸ್ಥಳವಿಲ್ಲವೆಂಬ ಸಂದೇಶ ಕಾಣುತ್ತದೆ

ಇದು ಮೊದಲನೆಯ ಹೆಜ್ಜೆಯಲ್ಲಿ ಆದ ತಡೆ. ಕಂಪ್ಯೂಟರಿನ ಪ್ರೋಗ್ರಾಂ ಬಳಕೆದಾರರ ಅನುಕೂಲಕ್ಕಾಗಿ ಪತ್ರವನ್ನು ಪರದೆಯಿಂದ ತಕ್ಷಣ ಮರೆಮಾಡುತ್ತದೆ. ಆದರೆ ಸರ್ವರ್ ಪ್ರತಿ ಮಾಡಲು ನಿರಾಕರಿಸಿದ ಕೂಡಲೇ ಪತ್ರವನ್ನು ಮತ್ತೆ ತೋರಿಸಬೇಕಾಗುತ್ತದೆ. ನಿರಾಕರಣೆಗೆ ಸಾಮಾನ್ಯ ಕಾರಣ ಖಾತೆಯ ಸಂಗ್ರಹ ಮಿತಿ ತುಂಬಿರುವುದು. ಅಳಿಸುವುದಕ್ಕೂ ಸ್ಥಳ ಬೇಕಾಗುತ್ತದೆ ಎಂಬುದು ಅನೇಕರಿಗೆ ವಿಚಿತ್ರವೆನಿಸಬಹುದು. ಪ್ರತಿಯು ಬುಟ್ಟಿಗೆ ಹೋಗಬೇಕಾಗಿರುವುದರಿಂದ ಅದು ಅನಿವಾರ್ಯ.

ಇಲ್ಲಿ ಎರಡು ಅಂಶಗಳನ್ನು ಗಮನಿಸತಕ್ಕದ್ದು. ಮೊದಲನೆಯದಾಗಿ, ಲಗತ್ತುಗಳು ಇ-ಮೇಲ್‌ನಲ್ಲಿ ತಮ್ಮ ಮೂಲ ಗಾತ್ರಕ್ಕಿಂತ ದೊಡ್ಡದಾಗಿರುತ್ತವೆ. ಲಗತ್ತಿನ ಪ್ರತಿ 3 ಬೈಟುಗಳನ್ನು 4 ಅಕ್ಷರಗಳಾಗಿ ಪರಿವರ್ತಿಸಿ ಕಳುಹಿಸಲಾಗುವುದರಿಂದ, 15 ಎಂಬಿಯ ಒಂದು ಸ್ಕ್ಯಾನ್ ಪ್ರತಿಯು ಪತ್ರದಲ್ಲಿ ಸುಮಾರು 20 ಎಂಬಿಯಷ್ಟು ಸ್ಥಳ ಹಿಡಿಯುತ್ತದೆ. ಖಾತೆಯಲ್ಲಿ 18 ಎಂಬಿ ಖಾಲಿ ಇದ್ದರೂ ಆ ಪತ್ರ ಬುಟ್ಟಿಗೆ ಹೋಗದು. ಎರಡನೆಯದಾಗಿ, ಹಂಚಿಕೆಯ ಫೋಲ್ಡರಿನಿಂದ ಅಳಿಸಿದ ಪತ್ರವು ಅನೇಕ ವ್ಯವಸ್ಥೆಗಳಲ್ಲಿ ಅಳಿಸಿದವರ ಸ್ವಂತ ಖಾತೆಯ ಬುಟ್ಟಿಗೆ ಹೋಗುತ್ತದೆ. ಔಟ್‌ಲುಕ್‌ನಲ್ಲಿ ಹಂಚಿಕೆಯ ಅಂಚೆಪೆಟ್ಟಿಗೆಯನ್ನು ತೆರೆದಾಗಲೂ ರೂಢಿಯ ವ್ಯವಸ್ಥೆ ಇದೇ. ಆದ್ದರಿಂದ ತುಂಬಿರುವುದು ಕಚೇರಿಯ ಖಾತೆಯಲ್ಲದೆ ಅಳಿಸುವವರ ಖಾತೆಯೇ ಆಗಿರಬಹುದು. ಎರಡನ್ನೂ ಪರಿಶೀಲಿಸತಕ್ಕದ್ದು.

ಪರಿಹಾರ: ಬುಟ್ಟಿ ಮತ್ತು ಸ್ಪ್ಯಾಮ್ ಫೋಲ್ಡರುಗಳನ್ನು ನೋಡಿ, ಅಗತ್ಯವಿಲ್ಲದವನ್ನು ಮೊದಲು ತೆರವು ಮಾಡತಕ್ಕದ್ದು. ಬುಟ್ಟಿಯಲ್ಲಿರುವ ಪತ್ರಗಳೂ ಸಾಮಾನ್ಯವಾಗಿ ಸಂಗ್ರಹ ಮಿತಿಯ ಲೆಕ್ಕಕ್ಕೆ ಸೇರುತ್ತವೆ. ಬಳಿಕ ದೊಡ್ಡ ಪತ್ರವನ್ನು ಅಳಿಸಬಹುದು.

(ಆ) ಪತ್ರದ ಮೇಲೆ ಅಡ್ಡಗೆರೆ ಬೀಳುತ್ತದೆ; ಪತ್ರ ಹೋಗುವುದಿಲ್ಲ

ಇದು ಎರಡನೆಯ ಹೆಜ್ಜೆ ಮುಗಿದು ಮೂರನೆಯದು ಬಾಕಿ ಇರುವ ಸ್ಥಿತಿ. ಪತ್ರಕ್ಕೆ ಗುರುತು ಬಿದ್ದಿದೆ, ತೆರವಾಗಿಲ್ಲ. ಕೆಲವು ಪ್ರೋಗ್ರಾಂಗಳು ಇಂತಹ ಪತ್ರವನ್ನು ಅಡ್ಡಗೆರೆಯೊಂದಿಗೆ ತೋರಿಸುತ್ತವೆ, ಕೆಲವು ಪೂರ್ಣವಾಗಿ ಮರೆಮಾಡುತ್ತವೆ, ಕೆಲವು ಎಂದಿನಂತೆಯೇ ತೋರಿಸುತ್ತವೆ. ಆದ್ದರಿಂದಲೇ ಒಂದೇ ಪತ್ರ ಮೂವರಿಗೆ ಮೂರು ರೀತಿ ಕಾಣುವುದು.

ಪರಿಹಾರ: ಥಂಡರ್‌ಬರ್ಡ್ ಬಳಸುವವರು ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಕಾಂಪ್ಯಾಕ್ಟ್' ಎಂಬುದನ್ನು ಆಯ್ಕೆ ಮಾಡಬೇಕು. ಔಟ್‌ಲುಕ್‌ನಲ್ಲಿ ಐಮ್ಯಾಪ್ ಖಾತೆ ಬಳಸುವವರು 'ಪರ್ಜ್' ಎಂಬ ಆಯ್ಕೆಯನ್ನು ಬಳಸಬೇಕು. ಆದರೆ ಒಂದು ಎಚ್ಚರಿಕೆ ಅಗತ್ಯ. ತೆರವು ಆಜ್ಞೆಯು ಸಾಮಾನ್ಯ ರೂಪದಲ್ಲಿ ಆ ಫೋಲ್ಡರಿನಲ್ಲಿ ಗುರುತು ಬಿದ್ದಿರುವ ಎಲ್ಲ ಪತ್ರಗಳನ್ನೂ ತೆಗೆದುಹಾಕುತ್ತದೆ; ಗುರುತು ಹಾಕಿದವರು ಯಾರೆಂದು ನೋಡುವುದಿಲ್ಲ. ಸಹೋದ್ಯೋಗಿಯು ತಪ್ಪಾಗಿ ಗುರುತು ಹಾಕಿದ ಪತ್ರವೂ ಜೊತೆಗೆ ಹೋಗಬಹುದು. ಹಂಚಿಕೆಯ ಫೋಲ್ಡರಿನಲ್ಲಿ ತೆರವು ಮಾಡುವ ಮುನ್ನ ಉಳಿದವರನ್ನು ಕೇಳತಕ್ಕದ್ದು.

(ಇ) ಅನುಮತಿ ಇಲ್ಲವೆಂಬ ಸಂದೇಶ ಬರುತ್ತದೆ

ಹಂಚಿಕೆಯ ಫೋಲ್ಡರುಗಳಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಅಧಿಕಾರಗಳಿರುತ್ತವೆ. 2005ರ ಆರ್‌ಎಫ್‌ಸಿ 4314 ಇವುಗಳನ್ನು 11 ಅಕ್ಷರಗಳಿಂದ ಸೂಚಿಸುತ್ತದೆ. 'ಎಲ್' ಫೋಲ್ಡರನ್ನು ಪಟ್ಟಿಯಲ್ಲಿ ಕಾಣುವ ಅಧಿಕಾರ, 'ಆರ್' ಓದುವುದು, 'ಎಸ್' ಓದಿದ ಗುರುತು ಹಾಕುವುದು, 'ಡಬ್ಲ್ಯೂ' ಇತರ ಗುರುತುಗಳು, 'ಐ' ಪತ್ರ ಸೇರಿಸುವುದು, 'ಪಿ' ಫೋಲ್ಡರಿನ ವಿಳಾಸಕ್ಕೆ ಪತ್ರ ಕಳುಹಿಸುವುದು, 'ಕೆ' ಉಪಫೋಲ್ಡರ್ ತೆರೆಯುವುದು, 'ಎಕ್ಸ್' ಫೋಲ್ಡರನ್ನೇ ಅಳಿಸುವುದು, 'ಟಿ' ಪತ್ರಕ್ಕೆ ಅಳಿಸುವ ಗುರುತು ಹಾಕುವುದು, 'ಇ' ತೆರವು ಮಾಡುವುದು, 'ಎ' ಇತರರಿಗೆ ಅಧಿಕಾರ ನೀಡುವುದು.

1997ರ ಹಿಂದಿನ ನಿಯಮದಲ್ಲಿ ಗುರುತು ಹಾಕುವುದಕ್ಕೂ ತೆರವು ಮಾಡುವುದಕ್ಕೂ 'ಡಿ' ಎಂಬ ಒಂದೇ ಅಧಿಕಾರವಿತ್ತು. 2005ರಲ್ಲಿ ಅದನ್ನು 'ಟಿ' ಮತ್ತು 'ಇ' ಎಂದು ಬೇರ್ಪಡಿಸಲಾಯಿತು. ಹಾಗಾಗಿ ಒಬ್ಬರು ಗುರುತು ಹಾಕಬಲ್ಲರು, ಆದರೆ ತೆರವು ಮಾಡಲಾರರು ಎಂಬ ಸ್ಥಿತಿ ಉಂಟಾಗಲು ಸಾಧ್ಯ. ಲೆಕ್ಕ ಸಹಾಯಕರು ಟಿಪ್ಪಣಿ ಮಂಡಿಸುತ್ತಾರೆ, ಅನುಮೋದನೆಯ ರುಜು ಮೇಲಧಿಕಾರಿಯದು ಎಂಬ ಕಚೇರಿ ಕ್ರಮಕ್ಕೂ ಇದಕ್ಕೂ ಹೋಲಿಕೆಯಿದೆ. ಬೇಕೆಂದೇ ಹೀಗೆ ಇಟ್ಟಿದ್ದರೆ ಅದು ದೋಷವಲ್ಲ, ರಕ್ಷಣೆ.

ಎಕ್ಸ್‌ಚೇಂಜ್ ಸರ್ವರುಗಳಲ್ಲಿ ಇದೇ ವ್ಯವಸ್ಥೆ ಬೇರೆ ಹೆಸರುಗಳಲ್ಲಿದೆ. ಅಲ್ಲಿ 'ಆಥರ್' ಮಟ್ಟದವರು ತಾವು ಸೇರಿಸಿದ ಅಂಶಗಳನ್ನು ಮಾತ್ರ ಅಳಿಸಬಲ್ಲರು. 'ಎಡಿಟರ್' ಮಟ್ಟದವರು ಎಲ್ಲವನ್ನೂ ಅಳಿಸಬಲ್ಲರು. ಒಂದೇ ಫೋಲ್ಡರಿನಲ್ಲಿ ಕೆಲವು ಅಂಶಗಳು ಅಳಿದು ಕೆಲವು ಅಳಿಯದಿದ್ದರೆ ಇದನ್ನು ಮೊದಲು ಸಂದೇಹಿಸಬೇಕು.

ಇನ್ನೊಂದು ಅಂಶವನ್ನು ಮರೆಯಬಾರದು. ಪತ್ರವನ್ನು ಬೇರೆ ಫೋಲ್ಡರಿಗೆ ವರ್ಗಾಯಿಸುವುದೂ ಸರ್ವರಿನ ದೃಷ್ಟಿಯಲ್ಲಿ ಮೂಲ ಫೋಲ್ಡರಿನಿಂದ ಅಳಿಸುವುದೇ. ಅದಕ್ಕೆ ಮೂಲ ಫೋಲ್ಡರಿನಲ್ಲಿ 'ಟಿ' ಮತ್ತು 'ಇ', ಸೇರಬೇಕಾದ ಫೋಲ್ಡರಿನಲ್ಲಿ 'ಐ' ಅಧಿಕಾರಗಳು ಬೇಕು. 'ಅಳಿಸಲಾಗುತ್ತಿಲ್ಲ, ಕನಿಷ್ಠ ಬೇರೆಡೆಗೆ ಸರಿಸೋಣ' ಎಂಬ ಯತ್ನವೂ ವಿಫಲವಾಗುವುದು ಇದೇ ಕಾರಣಕ್ಕೆ.

(ಈ) ಒಂದೇ ಕಂಪ್ಯೂಟರಿನಲ್ಲಿ ಮಾತ್ರ ಪತ್ರ ಉಳಿದಿದೆ

ಪ್ರತಿ ಕಂಪ್ಯೂಟರಿನ ಇ-ಮೇಲ್ ಪ್ರೋಗ್ರಾಂ ತನ್ನದೇ ಆದ ಒಂದು ಸೂಚಿಯನ್ನು ಇಟ್ಟುಕೊಂಡಿರುತ್ತದೆ. ಆವಕ ವಹಿ ಇದಕ್ಕೆ ಉತ್ತಮ ಹೋಲಿಕೆ. ವಹಿಯಲ್ಲಿ ಕ್ರಮಸಂಖ್ಯೆ ಇದ್ದು ಬೀರುವಿನಲ್ಲಿ ಪತ್ರವಿಲ್ಲದಿದ್ದರೆ, ವಹಿಯನ್ನು ನೋಡುವವರು ಪತ್ರ ಇದೆಯೆಂದೇ ಭಾವಿಸುತ್ತಾರೆ. ವಿದ್ಯುತ್ ಹಠಾತ್ತಾಗಿ ಕಡಿತಗೊಂಡಾಗ ಅಥವಾ ಸಂಪರ್ಕ ಮಧ್ಯೆ ನಿಂತಾಗ ಸ್ಥಳೀಯ ಸೂಚಿಗೂ ಸರ್ವರಿಗೂ ಹೊಂದಾಣಿಕೆ ತಪ್ಪಬಹುದು. ವಿಷಯ ಅಥವಾ ದಿನಾಂಕವಿಲ್ಲದೆ ಖಾಲಿಯಾಗಿ ಕಾಣುವ, ತೆರೆಯಲೂ ಬಾರದ ಪತ್ರಗಳು ಅನೇಕ ಬಾರಿ ಇಂತಹವೇ.

ಪರಿಹಾರ: ಥಂಡರ್‌ಬರ್ಡ್‌ನಲ್ಲಿ ಫೋಲ್ಡರಿನ 'ಪ್ರಾಪರ್ಟೀಸ್' ತೆರೆದು 'ರಿಪೇರ್ ಫೋಲ್ಡರ್' ಒತ್ತಿದರೆ ಹಳೆಯ ಸೂಚಿ ಹೋಗಿ ಹೊಸದು ರಚನೆಯಾಗುತ್ತದೆ. ಇದನ್ನು ಮಾಡುವ ಮುನ್ನ ಕಳುಹಿಸದೆ ಉಳಿದಿರುವ ಪತ್ರಗಳಿವೆಯೇ ಎಂದು ನೋಡತಕ್ಕದ್ದು. ಪತ್ರಗಳನ್ನು ಮತ್ತೆ ಸರ್ವರಿನಿಂದ ಇಳಿಸಿಕೊಳ್ಳಬೇಕಾಗುವುದರಿಂದ ನಿಧಾನವಾದ ಸಂಪರ್ಕವಿರುವ ಕಚೇರಿಗಳು ಇದನ್ನು ಜನಸಂದಣಿಯಿಲ್ಲದ ವೇಳೆಯಲ್ಲಿ ಮಾಡುವುದು ಒಳಿತು.

(ಉ) ಅಳಿಸಿದ ಮರುದಿನ ಅದೇ ಪತ್ರ ಮತ್ತೆ ಬರುತ್ತದೆ

ಇಲ್ಲಿ ಪತ್ರ ನಿಜವಾಗಿಯೂ ಅಳಿದಿರುತ್ತದೆ. ಬಂದಿರುವುದು ಇನ್ನೊಂದು ಪ್ರತಿ. ಒಂದೇ ಪತ್ರವನ್ನು ಗುಂಪಿನ ವಿಳಾಸಕ್ಕೂ ಕಚೇರಿಯ ವಿಳಾಸಕ್ಕೂ ಕಳುಹಿಸಿರಬಹುದು. ಒಬ್ಬರ ಖಾತೆಯಲ್ಲಿನ ಸ್ವಯಂಚಾಲಿತ ನಿಯಮವು ಪತ್ರಗಳನ್ನು ಹಂಚಿಕೆಯ ಫೋಲ್ಡರಿಗೆ ಪ್ರತಿ ಮಾಡುತ್ತಿರಬಹುದು. ಹಳೆಯ ಖಾತೆಯಿಂದ ಹೊಸ ಖಾತೆಗೆ ಪತ್ರ ಸಾಗಿಸಲು ಅಳವಡಿಸಿದ ಸಲಕರಣೆ ಇನ್ನೂ ನಡೆಯುತ್ತಿರಬಹುದು. ಎರಡೂ ಪತ್ರಗಳ ಪೂರ್ಣ ಶಿರೋಭಾಗವನ್ನು ತೆರೆದು 'ಮೆಸೇಜ್ ಐಡಿ' ಎಂಬ ಸಾಲನ್ನು ಹೋಲಿಸಿದರೆ ವಿಷಯ ತಿಳಿಯುತ್ತದೆ. ಅದು ಒಂದೇ ಆಗಿದ್ದರೆ ಒಂದೇ ಪತ್ರದ ಪ್ರತಿಗಳು; ಬೇರೆಯಾಗಿದ್ದರೆ ಕಳುಹಿಸಿದವರೇ ಎರಡು ಬಾರಿ ಕಳುಹಿಸಿದ್ದಾರೆ ಎಂದು ತಿಳಿಯಬೇಕು. ಪ್ರತಿ ಮಾಡುತ್ತಿರುವ ನಿಯಮವನ್ನು ನಿಲ್ಲಿಸದೆ ಪತ್ರವನ್ನು ಎಷ್ಟು ಬಾರಿ ಅಳಿಸಿದರೂ ಫಲವಿಲ್ಲ.

(ಊ) ಸಾವಿರಾರು ಪತ್ರಗಳನ್ನು ಒಟ್ಟಿಗೆ ಅಳಿಸುವಾಗ ಪರದೆ ನಿಂತುಬಿಡುತ್ತದೆ

ಇದು ಹೆಚ್ಚಾಗಿ ಸಮಯ ಮಿತಿಯ ತೊಂದರೆ. ಕೆಲಸ ಮುಗಿಯುವ ಮುನ್ನ ಸಂಪರ್ಕ ಕಡಿದು, ಕೆಲವು ಪತ್ರಗಳು ಅಳಿದು ಕೆಲವು ಉಳಿಯುತ್ತವೆ. ಇನ್ನೂರರಷ್ಟು ಪತ್ರಗಳ ಕಂತುಗಳಲ್ಲಿ ಅಳಿಸಿದರೆ ಕೆಲಸ ಸುಗಮ.

(ಋ) ಯಾವ ಪ್ರಯತ್ನಕ್ಕೂ ಪತ್ರ ಜಗ್ಗುವುದಿಲ್ಲ

ಅಧಿಕಾರವಿದೆ, ಸ್ಥಳವಿದೆ, ಎಲ್ಲ ಕಂಪ್ಯೂಟರುಗಳಲ್ಲಿಯೂ ಪತ್ರ ಕಾಣುತ್ತದೆ, ಆದರೂ ಅಳಿಯುವುದಿಲ್ಲ ಎಂದಾದರೆ ತೊಂದರೆ ಸರ್ವರಿನ ಒಳಗಿದೆ. ಸರ್ವರಿನ ಡಿಸ್ಕ್ ತುಂಬಿರಬಹುದು, ಸರ್ವರಿನ ಸೂಚಿ ಕೆಟ್ಟಿರಬಹುದು, ಪತ್ರಗಳಿರುವ ಡೈರೆಕ್ಟರಿಯ ಒಡೆತನ ಬದಲಾಗಿರಬಹುದು. ಲಿನಕ್ಸ್ ಸರ್ವರುಗಳಲ್ಲಿ ಒಂದು ಫೈಲನ್ನು ಅಳಿಸಲು ಆ ಫೈಲಿನ ಮೇಲಲ್ಲ, ಅದು ಇರುವ ಡೈರೆಕ್ಟರಿಯ ಮೇಲೆ ಬರೆಯುವ ಅಧಿಕಾರ ಬೇಕು. ಬ್ಯಾಕಪ್‌ನಿಂದ ಪತ್ರಗಳನ್ನು ಮರಳಿ ತಂದಾಗ ಈ ಒಡೆತನ ತಪ್ಪುವುದುಂಟು. ಇವುಗಳನ್ನು ಸರಿಪಡಿಸುವುದು ನಿರ್ವಾಹಕರ ಕೆಲಸ. ಡವ್‌ಕಾಟ್ ಸರ್ವರಿನಲ್ಲಿ 'ಫೋರ್ಸ್ ರೀಸಿಂಕ್', ಸೈರಸ್ ಸರ್ವರಿನಲ್ಲಿ 'ರೀಕನ್‌ಸ್ಟ್ರಕ್ಟ್' ಎಂಬ ಆಜ್ಞೆಗಳಿಂದ ಅವರು ಸೂಚಿಯನ್ನು ಪುನಾರಚಿಸಬಲ್ಲರು.

5. ಫೋಲ್ಡರನ್ನೇ ಅಳಿಸಲಾಗದಿದ್ದಾಗ

ಮುಖ್ಯ ಒಳಪೆಟ್ಟಿಗೆಯನ್ನು, ಅಂದರೆ 'ಇನ್‌ಬಾಕ್ಸ್' ಫೋಲ್ಡರನ್ನು, ಅಳಿಸಲು ಐಮ್ಯಾಪ್ ನಿಯಮದಲ್ಲಿಯೇ ಅವಕಾಶವಿಲ್ಲ. ಉಪಫೋಲ್ಡರುಗಳಿದ್ದರೆ ಮೊದಲು ಅವುಗಳನ್ನು ಅಳಿಸತಕ್ಕದ್ದು. 'ಎಕ್ಸ್' ಅಧಿಕಾರವಿಲ್ಲದವರು ಫೋಲ್ಡರನ್ನು ಅಳಿಸಲಾರರು.

ಪಂಚಾಯಿತಿ ಕಚೇರಿಗಳಲ್ಲಿ ವಿಶೇಷವಾಗಿ ಕಾಣಬಹುದಾದ ಇನ್ನೊಂದು ಕಾರಣ ಹೆಸರಿನಲ್ಲಿದೆ. ಐಮ್ಯಾಪ್ ಸರ್ವರುಗಳು ಫೋಲ್ಡರಿನ ಒಳಗಿನ ಫೋಲ್ಡರನ್ನು ಸೂಚಿಸಲು ಓರೆಗೆರೆಯನ್ನೋ ಚುಕ್ಕೆಯನ್ನೋ ಬಳಸುತ್ತವೆ. 'ಗ್ರಾ.ಪಂ. ವಸತಿ' ಎಂದು ಹೆಸರಿಟ್ಟರೆ, ಚುಕ್ಕೆಯನ್ನು ವಿಭಾಜಕವಾಗಿ ಬಳಸುವ ಸರ್ವರ್ ಅದನ್ನು ಒಂದರೊಳಗೊಂದು ಇರುವ ಫೋಲ್ಡರುಗಳೆಂದು ಭಾವಿಸಬಹುದು. '2023/24' ಎಂದು ಬರೆದರೆ ಓರೆಗೆರೆ ಬಳಸುವ ಸರ್ವರಿನಲ್ಲಿ '2023' ಎಂಬ ಫೋಲ್ಡರಿನ ಒಳಗೆ '24' ಎಂಬ ಫೋಲ್ಡರ್ ಉಂಟಾಗಬಹುದು. ಇಂತಹ ಫೋಲ್ಡರುಗಳು ಅರ್ಧ ಹುಟ್ಟಿ, ತೆರೆಯಲೂ ಅಳಿಸಲೂ ಬಾರದ ಸ್ಥಿತಿ ತಲುಪುವುದುಂಟು. ಹೆಸರಿನಲ್ಲಿ ಚುಕ್ಕೆ, ಓರೆಗೆರೆ, ಕೊನೆಯಲ್ಲಿ ಖಾಲಿ ಸ್ಥಳ ಇವನ್ನು ಬಿಡತಕ್ಕದ್ದು. 'ಗ್ರಾಪಂ ವಸತಿ 2023-24' ಎಂಬ ರೂಪ ಸುರಕ್ಷಿತ.

6. ಪರಿಶೀಲನೆಯ ಕ್ರಮ

ಮೇಲಿನ ಕಾರಣಗಳನ್ನು ಕೆಳಕಂಡ ಕ್ರಮದಲ್ಲಿ ಪರಿಶೀಲಿಸಿದರೆ ಸಮಯ ಉಳಿಯುತ್ತದೆ.

ಒಂದು: ಪರದೆಯಲ್ಲಿ ಬಂದ ಸಂದೇಶವನ್ನು ಅಕ್ಷರಶಃ ಬರೆದುಕೊಳ್ಳುವುದು. 'ಏನೋ ಎರರ್ ಬಂತು' ಎಂಬುದು ವಿವರವಲ್ಲ.
ಎರಡು: ಬ್ರೌಸರಿನ ಮೂಲಕ ವೆಬ್‌ಮೇಲ್ ತೆರೆದು ನೋಡುವುದು. ಅಲ್ಲಿ ಕಾಣುವುದು ಸರ್ವರಿನ ಸ್ಥಿತಿ. ಅಲ್ಲಿ ಪತ್ರವಿಲ್ಲದಿದ್ದರೆ ತೊಂದರೆ ಕಂಪ್ಯೂಟರಿನಲ್ಲಿದೆ. ಅಲ್ಲಿಯೂ ಇದ್ದರೆ ಮುಂದಿನ ಹೆಜ್ಜೆಗೆ ಹೋಗಬೇಕು.
ಮೂರು: ಇನ್ನೊಬ್ಬ ಸಿಬ್ಬಂದಿಯ ಖಾತೆಯಿಂದ ಪ್ರಯತ್ನಿಸುವುದು. ಅವರಿಂದ ಸಾಧ್ಯವಾದರೆ ಕಾರಣ ಅಧಿಕಾರ ಅಥವಾ ಮೊದಲಿನವರ ಸಂಗ್ರಹ ಮಿತಿ.
ನಾಲ್ಕು: ಅದೇ ಫೋಲ್ಡರಿನ ಬೇರೊಂದು ಸಣ್ಣ ಪತ್ರವನ್ನು ಪ್ರಯತ್ನಿಸುವುದು. ಇದಕ್ಕಾಗಿ ಪರೀಕ್ಷಾರ್ಥ ಪತ್ರವೊಂದನ್ನು ಕಳುಹಿಸಿಕೊಳ್ಳಬೇಕೇ ಹೊರತು ಕಚೇರಿಯ ನೈಜ ಪತ್ರವನ್ನು ಬಳಸಬಾರದು. ಸಣ್ಣದು ಅಳಿದು ದೊಡ್ಡದು ಅಳಿಯದಿದ್ದರೆ ಕಾರಣ ಸ್ಥಳಾಭಾವ.
ಐದು: ಎರಡೂ ಖಾತೆಗಳ ಸಂಗ್ರಹ ಮಿತಿ ನೋಡುವುದು.
ಆರು: ಹಂಚಿಕೆಯ ಅಧಿಕಾರಗಳನ್ನು ಖಾತೆಯ ಸುಪರ್ದುದಾರರು ನೋಡುವುದು.
ಏಳು: ಬಾಕಿ ಇರುವ ತೆರವು ಇದೆಯೇ ಎಂದು ನೋಡಿ, ಸಹೋದ್ಯೋಗಿಗಳನ್ನು ಕೇಳಿ ತೆರವು ಮಾಡುವುದು.
ಎಂಟು: ಸ್ಥಳೀಯ ಸೂಚಿಯನ್ನು ಪುನಾರಚಿಸುವುದು.
ಒಂಬತ್ತು: ಇಷ್ಟರಿಂದಲೂ ಆಗದಿದ್ದಲ್ಲಿ ನಿರ್ವಾಹಕರಿಗೆ ವರದಿ ಮಾಡುವುದು. ವರದಿಯಲ್ಲಿ ಖಾತೆ, ಫೋಲ್ಡರಿನ ಹೆಸರು, ಪತ್ರದ ದಿನಾಂಕ ಮತ್ತು ಮೆಸೇಜ್ ಐಡಿ, ಪ್ರಯತ್ನಿಸಿದ ವೇಳೆ, ಬಂದ ಸಂದೇಶ, ಈಗಾಗಲೇ ನಡೆಸಿದ ಪರಿಶೀಲನೆಗಳು ಇರತಕ್ಕದ್ದು. ಪಾಸ್‌ವರ್ಡನ್ನು ವರದಿಯಲ್ಲಿ ಎಂದಿಗೂ ಬರೆಯಬಾರದು.

7. ಮಾಡಬಾರದ ಕೆಲಸಗಳು

ಶಿಫ್ಟ್ ಮತ್ತು ಡಿಲೀಟ್ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಪತ್ರವು ಬುಟ್ಟಿಗೆ ಹೋಗದೆ ನೇರವಾಗಿ ಅಳಿಯುತ್ತದೆ. ಸ್ಥಳವಿಲ್ಲದಾಗ ಇದರಿಂದ ಕೆಲಸವಾಗುತ್ತದೆ ಎಂಬುದು ನಿಜ. ಆದರೆ ತಪ್ಪಾದಲ್ಲಿ ಪತ್ರವನ್ನು ಬುಟ್ಟಿಯಿಂದ ಹಿಂಪಡೆಯುವ ದಾರಿ ಇರುವುದಿಲ್ಲ. ಹಂಚಿಕೆಯ ಫೋಲ್ಡರುಗಳಲ್ಲಿ ಇದನ್ನು ರೂಢಿಯಾಗಿ ಬಳಸಬಾರದು.

ತೊಂದರೆ ತಪ್ಪಿಸಲು ಎಲ್ಲ ಸಿಬ್ಬಂದಿಗೂ ಎಲ್ಲ 11 ಅಧಿಕಾರಗಳನ್ನು ನೀಡುವುದು ಸಲ್ಲದು. ಒಂದೇ ಪಾಸ್‌ವರ್ಡನ್ನು ಎಲ್ಲರೂ ಬಳಸುವುದು ಇನ್ನೂ ಅಪಾಯಕರ. ಆಗ ಪತ್ರವನ್ನು ಯಾರು ಅಳಿಸಿದರು ಎಂಬುದಕ್ಕೆ ಯಾವ ಕುರುಹೂ ಉಳಿಯುವುದಿಲ್ಲ.

8. ಅಳಿಸುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ

ಪತ್ರ ಏಕೆ ಅಳಿಯುತ್ತಿಲ್ಲ ಎಂಬ ಪ್ರಶ್ನೆಗಿಂತ ಮೊದಲು, ಈ ಪತ್ರವನ್ನು ಅಳಿಸಬಹುದೇ ಎಂಬ ಪ್ರಶ್ನೆಯಿದೆ. ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕರಣ 4(1)(ಎ) ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ ತನ್ನ ದಾಖಲೆಗಳನ್ನು ಸೂಚಿಯೊಂದಿಗೆ ಕ್ರಮಬದ್ಧವಾಗಿ ನಿರ್ವಹಿಸಬೇಕೆಂದು ಹೇಳುತ್ತದೆ. ಅರ್ಜಿಯಲ್ಲಿ ಕೋರಲಾದ ಮಾಹಿತಿಯನ್ನು ನಾಶಪಡಿಸಿದಲ್ಲಿ ಪ್ರಕರಣ 20ರ ಮೇರೆಗೆ ದಿನಕ್ಕೆ 250 ರೂ.ನಂತೆ ಗರಿಷ್ಠ 25,000 ರೂ.ವರೆಗೆ ದಂಡ ವಿಧಿಸಲು ಅವಕಾಶವಿದೆ. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಪ್ರಕರಣ 7 ಎಲೆಕ್ಟ್ರಾನಿಕ್ ರೂಪದ ದಾಖಲೆಗಳ ಸಂರಕ್ಷಣೆಯನ್ನು ಕುರಿತದ್ದು. ಕಾಗದದ ಪತ್ರದಂತೆಯೇ ಇ-ಮೇಲ್ ಪತ್ರವೂ ಕಚೇರಿಯ ದಾಖಲೆ.

ಆದ್ದರಿಂದ ಪತ್ರ ಅಳಿಯದಿರುವುದು ಯಾವಾಗಲೂ ದೋಷವೆಂದು ತಿಳಿಯಬಾರದು. ನಿರ್ವಾಹಕರು ಸಂರಕ್ಷಣಾ ನಿಯಮವನ್ನು ಅಳವಡಿಸಿದ್ದರೆ ಅಳಿಸಿದ ಪತ್ರವೂ ಸರ್ವರಿನಲ್ಲಿ ಉಳಿಯುತ್ತದೆ. ಎಕ್ಸ್‌ಚೇಂಜ್ ಆನ್‌ಲೈನ್ ವ್ಯವಸ್ಥೆಯಲ್ಲಿ ಬುಟ್ಟಿಯಿಂದಲೂ ತೆಗೆದ ಪತ್ರವನ್ನು ಸಾಮಾನ್ಯವಾಗಿ 14 ದಿನಗಳವರೆಗೆ, ನಿರ್ವಾಹಕರು ಹೆಚ್ಚಿಸಿದ್ದಲ್ಲಿ 30 ದಿನಗಳವರೆಗೆ ಹಿಂಪಡೆಯಬಹುದು. ಕಾನೂನು ಕಾರಣಕ್ಕಾಗಿ ತಡೆಹಿಡಿದಿದ್ದರೆ ಅವಧಿ ಇನ್ನೂ ದೀರ್ಘವಾಗಬಹುದು.

ಚಾಲ್ತಿಯಲ್ಲಿಲ್ಲದ ಆದರೆ ಉಳಿಯಬೇಕಾದ ಪತ್ರಗಳಿಗೆ ಸರಿಯಾದ ಕ್ರಮವೆಂದರೆ ವರ್ಗಾವಣೆ. 'ರದ್ದಾದ ಪತ್ರಗಳು' ಎಂಬ ಪ್ರತ್ಯೇಕ ಫೋಲ್ಡರ್ ತೆರೆದು, ಸಿಬ್ಬಂದಿಗೆ ಅದರಲ್ಲಿ ಓದುವ ಹಾಗೂ ಸೇರಿಸುವ ಅಧಿಕಾರ ಮಾತ್ರ ನೀಡಿ, ವರ್ಗಾಯಿಸಿದ ದಿನಾಂಕ ಮತ್ತು ಕಾರಣವನ್ನು ಆವಕ ವಹಿಯ ಷರಾ ಅಂಕಣದಲ್ಲಿ ಬರೆಯತಕ್ಕದ್ದು.

9. ಪ್ರಸಂಗದ ವಿಶ್ಲೇಷಣೆ

ಈಗ ಮೊದಲಿನ ಪ್ರಸಂಗಕ್ಕೆ ಮರಳಬಹುದು. ಶುಕ್ರವಾರ ಪತ್ರ ಮೊದಲ ಬಾರಿ ಮರಳಿ ಬಂದದ್ದು ಕಾರ್ಯದರ್ಶಿಗಳ ಸ್ವಂತ ಖಾತೆ ತುಂಬಿದ್ದರಿಂದ. ಪ್ರತಿ ಮಾಡುವ ಹೆಜ್ಜೆಯೇ ನಿಂತಿತು. ಬುಟ್ಟಿ ಖಾಲಿ ಮಾಡಿದ ನಂತರ ಪ್ರತಿಯೂ ಆಯಿತು, ಗುರುತೂ ಬಿದ್ದಿತು. ಆದರೆ ಅವರಿಗೆ 'ಟಿ' ಅಧಿಕಾರವಿತ್ತೇ ಹೊರತು 'ಇ' ಅಧಿಕಾರವಿರಲಿಲ್ಲ. ಅಡ್ಡಗೆರೆ ಬಿದ್ದು ಪತ್ರ ಉಳಿದದ್ದು ಅದರಿಂದ. ಆಪರೇಟರ್ ಬಳಸುತ್ತಿದ್ದ ಪ್ರೋಗ್ರಾಂ ಆ ಗುರುತನ್ನು ತೋರಿಸುವಂತಹದ್ದಲ್ಲ. ಮೂವರಲ್ಲಿ ಯಾರೂ ನಿರ್ಲಕ್ಷ್ಯ ತೋರಲಿಲ್ಲ. ಆದರೂ ತಪ್ಪು ಪಟ್ಟಿ ಫಲಕಕ್ಕೆ ಬಂದಿತು.

ಅಭಿವೃದ್ಧಿ ಅಧಿಕಾರಿಗಳು ಮಧ್ಯಾಹ್ನ ಫಲಕವನ್ನು ನೋಡಿದಾಗ ವ್ಯತ್ಯಾಸ ಗಮನಕ್ಕೆ ಬಂದಿತು. ಅವರು ವೆಬ್‌ಮೇಲ್ ತೆರೆದು ಎರಡೂ ಪತ್ರಗಳು ಸರ್ವರಿನಲ್ಲಿರುವುದನ್ನು ಕಂಡರು. ತೆರವು ಮಾಡುವ ಅಧಿಕಾರ ಅವರಿಗಿದ್ದರೂ ಅವರು ಕರಡು ಪಟ್ಟಿಯನ್ನು ತೆರವು ಮಾಡಲಿಲ್ಲ. ಅದರ ಅಳಿಸುವ ಗುರುತನ್ನು ತೆಗೆದು, 'ರದ್ದಾದ ಪತ್ರಗಳು' ಫೋಲ್ಡರಿಗೆ ವರ್ಗಾಯಿಸಿ, ವಹಿಯಲ್ಲಿ ಷರಾ ಬರೆದರು. ಕಾರ್ಯದರ್ಶಿಗಳ ಖಾತೆಯ ಬುಟ್ಟಿಯಲ್ಲಿದ್ದ ಪ್ರತಿಯನ್ನು ಮಾತ್ರ ತೆಗೆಯಲಾಯಿತು. ತಿದ್ದಿದ ಪಟ್ಟಿಯನ್ನು ಫಲಕಕ್ಕೆ ಹಾಕಿ, ಎರಡೂ ಪಟ್ಟಿಗಳನ್ನು ಹೋಲಿಸಿ, ಹೊಸದಾಗಿ ಸೇರಿದವರ ಮನೆಗಳಿಗೆ ಅಂದು ಸಂಜೆಯೇ ಕರ ವಸೂಲಿಗಾರರ ಮೂಲಕ ತಿಳಿಸಲಾಯಿತು. ಕರಡು ಪಟ್ಟಿ ಅಳಿದುಹೋಗಿದ್ದರೆ ಹೊಸದಾಗಿ ಸೇರಿದವರು ಯಾರೆಂದು ತಿಳಿಯಲು ಹೋಲಿಕೆಗೆ ಏನೂ ಇರುತ್ತಿರಲಿಲ್ಲ. ವೃದ್ಧೆಯು ಮರುದಿನ ದಾಖಲೆಗಳೊಂದಿಗೆ ಕಚೇರಿಗೆ ಬಂದಳು. ಇನ್ನೂ ಮೂರು ದಿನ ಉಳಿದಿತ್ತು.

10. ಅಭ್ಯಾಸ

ಸಿಬ್ಬಂದಿ ಸಭೆಯಲ್ಲಿ ಕೆಳಕಂಡವುಗಳನ್ನು ಚರ್ಚಿಸಿ, ಕಚೇರಿಯ ಖಾತೆಯಲ್ಲಿಯೇ ಪ್ರಯೋಗ ಮಾಡಿ ನೋಡತಕ್ಕದ್ದು.

1) ಕಚೇರಿಯ ಹಂಚಿಕೆಯ ಪ್ರತಿ ಫೋಲ್ಡರಿನಲ್ಲಿ ಯಾರಿಗೆ ಯಾವ ಅಧಿಕಾರವಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ತೆರವು ಮಾಡುವ ಅಧಿಕಾರ ಯಾರ ಬಳಿ ಇರಬೇಕು?
2) ಪರೀಕ್ಷಾರ್ಥ ಪತ್ರವೊಂದನ್ನು ಒಬ್ಬರ ಕಂಪ್ಯೂಟರಿನಲ್ಲಿ ಅಳಿಸಿ, ಉಳಿದವರ ಪರದೆಯಲ್ಲಿ ಅದು ಹೇಗೆ ಕಾಣುತ್ತದೆ ಎಂಬುದನ್ನು ಹೋಲಿಸಿರಿ.
3) 12 ಎಂಬಿಯ ಲಗತ್ತಿರುವ ಪತ್ರವನ್ನು ಬುಟ್ಟಿಗೆ ಕಳುಹಿಸಲು ಸುಮಾರು ಎಷ್ಟು ಸ್ಥಳ ಬೇಕು? (ಉತ್ತರ: ಸುಮಾರು 16 ಎಂಬಿ)
4) ಕಚೇರಿಯ ಫೋಲ್ಡರುಗಳ ಹೆಸರುಗಳಲ್ಲಿ ಚುಕ್ಕೆ ಅಥವಾ ಓರೆಗೆರೆ ಇರುವವು ಯಾವುವು? ಅವುಗಳಿಗೆ ಸುರಕ್ಷಿತ ಹೆಸರನ್ನು ಸೂಚಿಸಿರಿ.
5) ಒಂದೇ ವಿಷಯದ ಸಾಲಿನಲ್ಲಿ ಕರಡು ಮತ್ತು ಅಂತಿಮ ಪಟ್ಟಿಗಳು ಬಂದರೆ, ಫಲಕಕ್ಕೆ ಹಾಕುವ ಮುನ್ನ ದಿನಾಂಕವನ್ನು ಪರಿಶೀಲಿಸಿ ರುಜು ಮಾಡುವ ಹೊಣೆ ಯಾರದೆಂದು ಇಂದೇ ನಿರ್ಧರಿಸಿರಿ.